ಘಾಟಿ ಹತ್ತುವ ಮುನ್ನ, ಇಳಿಯುವ ಮುನ್ನ: ಬೈಕ್, ಕಾರು ಓಡಿಸುವವರಿಗೆ ಮಾರ್ಗದರ್ಶಿ

ಮಳೆಗಾಲ ಶುರುವಾಗುವ ಹೊತ್ತಿಗೂ, ಮಳೆ ಬಿಟ್ಟು ಪ್ರವಾಸ ಶುರುವಾಗುವ ಹೊತ್ತಿಗೂ ಓದುಗರಿಂದ ಬರುವ ಪ್ರಶ್ನೆ ಬಹುತೇಕ ಒಂದೇ. "ಬಯಲುಸೀಮೆಯಲ್ಲಿ, ಬೆಂಗಳೂರಿನಲ್ಲಿ ಆರಾಮಾಗಿ ಗಾಡಿ ಓಡಿಸುತ್ತೇನೆ. ಘಾಟಿ ಎಂದರೆ ಕೈ ನಡುಗುತ್ತದೆ. ಏನು ಮಾಡಲಿ?" ಇನ್ನು ಕೆಲವರದು ಹೋಗಿ ಬಂದ ಮೇಲಿನ ಪ್ರಶ್ನೆ: "ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಸುಟ್ಟ ವಾಸನೆ ಬಂತು, ಬ್ರೇಕ್ ಮೆತ್ತಗಾಯಿತು. ಗಾಡಿ ಕೆಟ್ಟಿತ್ತೇ?" ಹೆಚ್ಚಿನ ಸಲ ಗಾಡಿ ಕೆಟ್ಟಿರುವುದಿಲ್ಲ, ಓಡಿಸಿದ ರೀತಿ ಕೆಟ್ಟಿರುತ್ತದೆ.

ಮೊದಲೇ ಒಂದು ಮಾತು. ಘಾಟಿಯಲ್ಲಿ ಮಾಡಬೇಕಾದ ಕೆಲಸಗಳೆಲ್ಲ ತಿರುವು ಬರುವ ಮೊದಲೇ ಮುಗಿದಿರಬೇಕು. ವೇಗ ಇಳಿಸುವುದು, ಗೇರ್ ಬದಲಿಸುವುದು, ಹಾರ್ನ್ ಹಾಕುವುದು, ಎದುರಿನವರಿಗೆ ಜಾಗ ಬಿಡುವುದು, ಎಲ್ಲವೂ. ತಿರುವಿನೊಳಗೆ ಹೋದ ಮೇಲೆ ನಿಮಗಿರುವ ಕೆಲಸ ಮುಂದೆ ನೋಡುತ್ತಾ ಗಾಡಿಯನ್ನು ತಿರುಗಿಸುವುದಷ್ಟೇ. ಕೆಳಗಿನ ಎಲ್ಲ ಹಂತಗಳೂ ಇದರಿಂದಲೇ ಹುಟ್ಟಿದವು.

1. ಯಾವ ಘಾಟಿ, ಯಾವ ಹೊತ್ತು ಎಂದು ಮೊದಲು ತೀರ್ಮಾನಿಸಿ

ಎಲ್ಲ ಘಾಟಿಗಳೂ ಒಂದೇ ಥರ ಇಲ್ಲ. ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವ ಶಿರಾಡಿಯಲ್ಲಿ ತಿರುವುಗಳು ಅಷ್ಟು ಬಿಗಿಯಲ್ಲ, ಆದರೆ ಮಂಗಳೂರು ಬಂದರಿಗೆ ಹೋಗಿಬರುವ ಟ್ಯಾಂಕರ್, ಕಂಟೇನರ್ ಲಾರಿಗಳ ಸಾಲೇ ಇರುತ್ತದೆ. ಅಲ್ಲಿನ ಅಪಾಯ ವೇಗ ಮತ್ತು ಓವರ್‌ಟೇಕ್. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹೇರ್‌ಪಿನ್ ಎಂದರೆ ರಸ್ತೆ ಪೂರ್ತಿ ಮಗುಚಿಕೊಂಡು, ಬಂದ ದಿಕ್ಕಿಗೇ ಹೊರಳುವ ತಿರುವು. ರಸ್ತೆ ಕಿರಿದು, ಭಾರೀ ವಾಹನಗಳಿಗೆ ಅವಕಾಶವಿಲ್ಲ, ಆದರೆ ಮಿನಿ ಬಸ್ಸುಗಳು ದಿನವಿಡೀ ಓಡಾಡುತ್ತವೆ. ಚಾರ್ಮಾಡಿಯಲ್ಲಿ ಕೊಟ್ಟಿಗೆಹಾರದ ಕಡೆಯಿಂದ ಇಳಿದರೆ ಮೊದಲು ಪ್ರಪಾತದ ಅಂಚಿನ ರಸ್ತೆ, ಮಂಜು. ಹೇರ್‌ಪಿನ್‌ಗಳು ಬರುವುದು ಕೆಳಗೆ, ದಕ್ಷಿಣ ಕನ್ನಡದ ಭಾಗದಲ್ಲಿ. ಅಂದರೆ ಬ್ರೇಕ್ ಕಾದು ಬಿಸಿಯಾಗಿರುವ ಹೊತ್ತಿಗೇ ಕಷ್ಟದ ತಿರುವುಗಳು ಎದುರಾಗುತ್ತವೆ. ಬಿಸಿಲೆಯಲ್ಲಿ ಕಾಡು ದಟ್ಟ, ರಸ್ತೆ ಇಕ್ಕಟ್ಟು, ಸಹಾಯಕ್ಕೆ ಜನ ಕಡಿಮೆ.

ಹೊಸಬರು ಮಡಿಕೇರಿ–ಸುಳ್ಯ ನಡುವಿನ ಸಂಪಾಜೆಯಂಥ ಸ್ವಲ್ಪ ಅಗಲ ರಸ್ತೆಯಲ್ಲಿ, ವಾರದ ಮಧ್ಯದ ದಿನ, ಬೆಳಿಗ್ಗೆ ಬೆಳಕು ಹರಿದ ಮೇಲೆ ಶುರು ಮಾಡುವುದು ಒಳ್ಳೆಯದು. ಶನಿವಾರ ಭಾನುವಾರ ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಘಾಟಿ ಕಲಿಯುತ್ತೇನೆ ಎಂದು ಹೊರಡಬೇಡಿ. ಕಿರಿದಾದ ರಸ್ತೆಯಲ್ಲಿ ಜೀಪು, ಟೆಂಪೊ ಟ್ರಾವೆಲರ್‌ಗಳ ಎದುರು ರಿವರ್ಸ್ ಹೋಗಬೇಕಾದರೆ ಹಳಬರಿಗೂ ಬೆವರು ಬರುತ್ತದೆ.

ಮಳೆಗಾಲದಲ್ಲಿ ಹೊರಡುವ ದಿನವೇ ಜಿಲ್ಲಾಡಳಿತದ ಪ್ರಕಟಣೆ ನೋಡಿ. ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು, ರಾತ್ರಿ ಸಂಚಾರ ನಿಲ್ಲಿಸುವುದು, ಭಾರೀ ವಾಹನಗಳನ್ನು ಬೇರೆ ಘಾಟಿಗೆ ತಿರುಗಿಸುವುದು ಇಲ್ಲಿ ಪ್ರತಿವರ್ಷದ ಸಂಗತಿ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಕುಸಿದಾಗ ಸಂಚಾರ ತಿಂಗಳುಗಟ್ಟಲೆ ಸರಿಹೋಗಲಿಲ್ಲ. ಬಂಡೀಪುರದ ಮೂಲಕ ಊಟಿಗೋ ವಯನಾಡಿಗೋ ಹೋಗುವವರಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ. 9ಕ್ಕೆ ಗೇಟ್ ಮುಟ್ಟಬೇಕೆಂದು ಘಾಟಿಯಲ್ಲಿ ಓಡಿಸುವ ಅವಸರ ಎಷ್ಟೋ ಜನರನ್ನು ಆಸ್ಪತ್ರೆಗೆ ಸೇರಿಸಿದೆ. ತಡವಾಯಿತು ಅನ್ನಿಸಿದರೆ ಗುಂಡ್ಲುಪೇಟೆಯಲ್ಲೇ ಮಲಗಿ.

2. ಹೊರಡುವ ಹಿಂದಿನ ದಿನ ಗಾಡಿ ನೋಡಿ

ಟೈರ್: ಹೊಸ ಕಾರಿನ ಟೈರಿನ ಗೀರುಗಳ ನಡುವೆ ಸಣ್ಣ ಉಬ್ಬುಪಟ್ಟಿಗಳಿರುತ್ತವೆ. ಟೈರ್ ಆ ಮಟ್ಟಕ್ಕೆ ಸವೆದರೆ ಗೀರಿನ ಆಳ 1.6 ಮಿ.ಮೀ.ಗೆ ಬಂತು ಎಂದರ್ಥ. ಕಾನೂನಿನ ಮಿತಿ ಅದು. ಮಲೆನಾಡಿನ ಮಳೆಗೆ ಅದು ಸಾಲದು, 3 ಮಿ.ಮೀ. ಇದ್ದಾಗಲೇ ಬದಲಿಸುವುದು ಕ್ಷೇಮ. ಗಾಳಿಯನ್ನು ಕಂಪನಿ ಹೇಳಿದಷ್ಟೇ ಹಾಕಿ. ಮಳೆಗೆ ಹಿಡಿತ ಸಿಗಲೆಂದು ಗಾಳಿ ಇಳಿಸುವ ಅಭ್ಯಾಸ ಡಾಂಬರು ರಸ್ತೆಗೆ ಹೇಳಿದ್ದಲ್ಲ.

ಬ್ರೇಕ್: ಪ್ಯಾಡ್‌ಗಳ ದಪ್ಪ 3 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಹೊಸದು ಹಾಕಿಸಿ. ಬ್ರೇಕ್ ಆಯಿಲ್ ಕಡೆಗೆ ಬಹಳ ಜನ ನೋಡುವುದೇ ಇಲ್ಲ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ದರ್ಜೆಗೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ. ಕರಾವಳಿ, ಮಲೆನಾಡಿನವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ನಮ್ಮ ಗಾಳಿಯಲ್ಲೇ ನೀರಿದೆ.

ಉಳಿದದ್ದು: ಹೆಡ್‌ಲೈಟ್, ಬ್ರೇಕ್ ಲೈಟ್, ವೈಪರ್ ರಬ್ಬರ್, ಹಾರ್ನ್, ಬೈಕ್ ಆದರೆ ಚೈನಿನ ಬಿಗಿ. ಪೆಟ್ರೋಲ್ ಘಾಟಿಯ ಕೆಳಗೋ ಮೇಲೋ ಇರುವ ಊರಿನಲ್ಲೇ ತುಂಬಿಸಿ, ನಡುವೆ ಬಂಕ್ ಸಿಗುವುದಿಲ್ಲ. ನಕ್ಷೆಯನ್ನು ಮೊಬೈಲಿನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಿ, ನೆಟ್‌ವರ್ಕ್ ನಂಬಬೇಡಿ.

3. ಮೈಮೇಲೆ ಏನಿರಬೇಕು

ಬೈಕಿನವರಿಗೆ ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಹಿಂದೆ ಕೂರುವವರಿಗೂ ಅಂಥದ್ದೇ. ಕೈಗವಸು, ಪಾದದ ಗಂಟು ಮುಚ್ಚುವ ಶೂ. ಮಳೆಕೋಟು ಕಪ್ಪು ಬಣ್ಣದ್ದು ಬೇಡ, ಮಂಜಿನಲ್ಲಿ ನೀವು ಕಾಣುವುದೇ ಇಲ್ಲ. ಲಗೇಜನ್ನು ಸೀಟಿನ ಮಟ್ಟಕ್ಕೆ, ಎರಡೂ ಕಡೆ ಸಮನಾಗಿ ಕಟ್ಟಿ. ಹಿಂದೆ ಕೂತವರಿಗೆ ಒಂದೇ ಸೂಚನೆ ಸಾಕು: ಬೈಕ್ ವಾಲಿದ ಕಡೆಗೇ ನೀವೂ ಇರಿ, ಹೆದರಿ ಎದುರು ದಿಕ್ಕಿಗೆ ಮೈ ಎಳೆಯಬೇಡಿ.

ಕಾರಿನಲ್ಲಿ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು. ಚಾಲಕನ ಕಾಲಬುಡದಲ್ಲಿ ನೀರಿನ ಬಾಟಲಿ ಉರುಳಾಡುವಂತೆ ಇಡಬೇಡಿ. ಇಳಿಜಾರಿನಲ್ಲಿ ಅದು ಸೀದಾ ಬ್ರೇಕ್ ಪೆಡಲಿನ ಅಡಿಗೆ ಹೋಗುತ್ತದೆ.

4. ಹತ್ತುವಾಗ

ಹತ್ತುವುದು ಸುಲಭದ ಭಾಗ, ಗುರುತ್ವವೇ ನಿಮ್ಮ ವೇಗ ಹಿಡಿದಿಡುತ್ತದೆ. ತಪ್ಪಾಗುವುದು ಹೇರ್‌ಪಿನ್‌ನಲ್ಲಿ. ಮೂರನೇ ಗೇರಿನಲ್ಲಿ ತಿರುವಿಗೆ ನುಗ್ಗಿ, ಗಾಡಿ ಎಳೆಯಲಾರದೆ ಒದರತೊಡಗಿದಾಗ ಗೇರ್ ಇಳಿಸಲು ಹೋಗುತ್ತೇವೆ. ಕ್ಲಚ್ ಒತ್ತಿದ ಆ ಕ್ಷಣ ಗಾಡಿಗೆ ಶಕ್ತಿಯೇ ಇಲ್ಲ. ಬೈಕ್ ಆದರೆ ವಾಲಿದ ಸ್ಥಿತಿಯಲ್ಲೇ ಎಂಜಿನ್ ನಿಂತು ಪಕ್ಕಕ್ಕೆ ಬೀಳುತ್ತದೆ. ಘಾಟಿಯಲ್ಲಿ ಹೊಸ ಬೈಕರುಗಳು ಬೀಳುವ ಸಾಮಾನ್ಯ ರೀತಿ ಇದು. ಆದ್ದರಿಂದ ತಿರುವಿಗೆ ಮೊದಲೇ ಎರಡನೆಯದಕ್ಕೋ ಒಂದನೆಯದಕ್ಕೋ ಇಳಿಸಿ, ಆಕ್ಸಿಲರೇಟರನ್ನು ಹದವಾಗಿ ಹಿಡಿದು ತಿರುವು ಮುಗಿಸಿ.

ಹೇರ್‌ಪಿನ್‌ನ ಒಳಅಂಚು ಹೊರಅಂಚಿಗಿಂತ ಕಡಿದಾಗಿರುತ್ತದೆ. ಎಡಕ್ಕೆ ಹೊರಳುವ ಹೇರ್‌ಪಿನ್ ಹತ್ತುವಾಗ ಎದುರು ಯಾರೂ ಇಲ್ಲವೆಂದು ಕಂಡರೆ ನಿಮ್ಮ ಬದಿಯೊಳಗೇ ಸ್ವಲ್ಪ ಹೊರಗಿನಿಂದ ತಿರುಗಿಸಿ. ತೀರಾ ಒಳಗೆ ಹೋದರೆ ಕಾರಿನ ಒಳಚಕ್ರ ಜಲ್ಲಿಯಲ್ಲಿ ಗಿರಕಿ ಹೊಡೆಯುತ್ತದೆ.

ಏರಿನಲ್ಲಿ ನಿಂತು ಮತ್ತೆ ಹೊರಡುವುದು ಬರದಿದ್ದರೆ ಘಾಟಿಗೆ ಹೋಗುವ ಮೊದಲೇ ಊರಿನ ದಿಬ್ಬದಲ್ಲಿ ಕಲಿಯಿರಿ: ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ಚನ್ನು ಕಚ್ಚುವವರೆಗೆ ಬಿಟ್ಟು, ಆಕ್ಸಿಲರೇಟರ್ ಕೊಟ್ಟು, ಗಾಡಿ ಮುಂದಕ್ಕೆ ತುಡಿಯುತ್ತಿದೆ ಎಂದು ಗೊತ್ತಾದ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸುವುದು. ಬೈಕಿನಲ್ಲಿ ಹ್ಯಾಂಡ್‌ಬ್ರೇಕಿನ ಕೆಲಸ ಬಲಗಾಲಿನ ಹಿಂಬ್ರೇಕಿನದು. ಎಎಂಟಿ ಕಾರುಗಳು, ಅಂದರೆ ಕ್ಲಚ್ಚನ್ನು ಯಂತ್ರವೇ ಒತ್ತುವ ಗೇರ್‌ಬಾಕ್ಸಿನವು, ಏರಿನಲ್ಲಿ ಹಿಂದಕ್ಕೆ ಜಾರಬಹುದು. ಗಾಡಿ ಹಾಗೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಸೌಲಭ್ಯ ಇಲ್ಲದಿದ್ದರೆ ಅಲ್ಲೂ ಹ್ಯಾಂಡ್‌ಬ್ರೇಕ್ ಬಳಸಿ. ಆಕ್ಸಿಲರೇಟರ್ ಒತ್ತಿಯೇ ಏರಿನಲ್ಲಿ ನಿಲ್ಲಿಸಿಕೊಳ್ಳಬೇಡಿ, ಕ್ಲಚ್ ಸುಡುತ್ತದೆ.

ಮುಂದೆ ಲಾರಿ ನಿಂತಿದ್ದರೆ ಅದರ ಬಾಲಕ್ಕೆ ಅಂಟಿಕೊಳ್ಳದೆ ಎರಡು ಕಾರಿನಷ್ಟು ಜಾಗ ಬಿಡಿ. ತುಂಬಿದ ಲಾರಿ ಹೊರಡುವಾಗ ಹಿಂದಕ್ಕೆ ಬಂದೇ ಬರುತ್ತದೆ.

5. ಇಳಿಯುವಾಗ: ವೇಗ ಹಿಡಿಯುವುದು ಗೇರ್, ಬ್ರೇಕ್ ಅಲ್ಲ

ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್‌ಗಳಿವೆ. ಹೊರಗಿನ ವಾಹನಗಳಿಗೆ ಅಲ್ಲಿ ಹತ್ತಲು ಬಿಡುತ್ತಾರೆ, ಇಳಿಯಲು ಬಿಡುವುದಿಲ್ಲ. ಇಳಿಯುವಾಗ ಬ್ರೇಕ್ ಸೋತು ಆದ ಅಪಘಾತಗಳ ಕಾರಣಕ್ಕೇ ಆ ನಿಯಮ ಬಂದದ್ದು. ಇಳಿಯುವುದೇ ಅಪಾಯ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕಾರಣ ಸರಳ. ಆಗುಂಬೆಯಿಂದ ಸೋಮೇಶ್ವರಕ್ಕೆ 500 ಮೀಟರಿಗೂ ಹೆಚ್ಚು ಇಳಿತ. ಅಷ್ಟು ಎತ್ತರದಿಂದ ಇಳಿಯುವ ಗಾಡಿಯ ಶಕ್ತಿಯನ್ನೆಲ್ಲ ಬ್ರೇಕೊಂದೇ ನುಂಗಬೇಕಾದರೆ, ಗಂಟೆಗೆ 60 ಕಿ.ಮೀ. ವೇಗದಿಂದ ಸುಮಾರು 35 ಸಲ ಪೂರ್ತಿ ನಿಲ್ಲಿಸಿದಷ್ಟು ಬಿಸಿ ಹುಟ್ಟುತ್ತದೆ. ಗಾಡಿ ಬೈಕಾಗಿರಲಿ ಬಸ್ಸಾಗಿರಲಿ ಲೆಕ್ಕ ಇಷ್ಟೇ. ಅದೂ ಬ್ರೇಕಿಗೆ ತಣಿಯಲು ಪುರುಸೊತ್ತು ಸಿಗದಂತೆ, ಅರ್ಧ ಗಂಟೆಯೊಳಗೆ.

ಬಿಸಿಯಾದ ಬ್ರೇಕ್ ಎರಡು ರೀತಿ ಕೈಕೊಡುತ್ತದೆ. ಮೊದಲನೆಯದನ್ನು ಬ್ರೇಕ್ ಫೇಡ್ ಎನ್ನುತ್ತಾರೆ: ಪ್ಯಾಡ್ ಅತಿಯಾಗಿ ಕಾದು ಡಿಸ್ಕನ್ನು ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡನೆಯದು ವೇಪರ್ ಲಾಕ್: ಬ್ರೇಕ್ ಆಯಿಲ್ ಕುದಿದು ಪೈಪಿನೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ, ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲ ಮುಟ್ಟುತ್ತದೆ. ಇದು ಹೆಚ್ಚು ಭಯಂಕರ. ಹಳೆಯ ಆಯಿಲ್ ಇರುವ ಗಾಡಿಗೆ ಬೇಗ ಬರುತ್ತದೆ.

ಪರಿಹಾರ ಎಂಜಿನ್ ಬ್ರೇಕಿಂಗ್. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಚಕ್ರವನ್ನು ಹಿಂದಕ್ಕೆ ಎಳೆದು ಹಿಡಿಯುವುದಕ್ಕೆ ಈ ಹೆಸರು. ಗೇರ್ ಚಿಕ್ಕದಾದಷ್ಟೂ ಹಿಡಿತ ಜಾಸ್ತಿ.

ಹೀಗೆ ಮಾಡಿ. ಇಳಿಜಾರು ಶುರುವಾಗುವ ಮೊದಲೇ, ಮೇಲೆ ಸಮತಟ್ಟಿನಲ್ಲೇ, ಗೇರ್ ಇಳಿಸಿ. ಯಾವ ಗೇರ್ ಎಂದು ಕೇಳುವವರಿಗೆ ಹಳೇ ಲಾರಿ ಚಾಲಕರ ಉತ್ತರವೇ ಸರಿ: ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ. ಕಾರುಗಳಿಗೆ ಹೆಚ್ಚಾಗಿ ಎರಡನೆಯದು, ಕಡಿದಾದ ಹೇರ್‌ಪಿನ್‌ಗೆ ಒಂದನೆಯದು. ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಮುಟ್ಟದೆ ನೋಡಿ. ಗಾಡಿಯ ವೇಗ ಏರುತ್ತಲೇ ಇದ್ದರೆ ಇನ್ನೊಂದು ಗೇರ್ ಇಳಿಸಬೇಕು ಎಂದರ್ಥ. ಎಂಜಿನ್ ನಿಮಿಷಕ್ಕೆ 3,000–3,500 ಸುತ್ತಿನಲ್ಲಿ ಗುಂಯ್‌ಗುಡುತ್ತಾ ಇಳಿದರೆ ಅದಕ್ಕೇನೂ ಆಗುವುದಿಲ್ಲ. ಈ ಸದ್ದಿಗೆ ಹೆದರಿ ಮೇಲಿನ ಗೇರಿಗೆ ಹಾಕುವವರೇ ಕೊನೆಗೆ ಬ್ರೇಕ್ ಸುಡುವವರು. ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಇಂದಿನ ಎಂಜಿನ್‌ಗಳು ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ, ಪೆಟ್ರೋಲ್ ಪೋಲಾಗುತ್ತದೆ ಎಂಬ ಚಿಂತೆಯೂ ಬೇಡ.

ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಮೆಲ್ಲಗೆ ಉದ್ದಕ್ಕೂ ಒತ್ತಿಕೊಂಡೇ ಇಳಿದರೆ ಪ್ಯಾಡಿಗೆ ಗಾಳಿಯಾಡುವುದಿಲ್ಲ. ಹಿಂದೆ ಬರುವವರಿಗೂ ನಿಮ್ಮ ಬ್ರೇಕ್ ಲೈಟಿನ ಅರ್ಥ ತಿಳಿಯುವುದಿಲ್ಲ.

ಬೈಕಿನಲ್ಲಿ ಒಂದೊಂದೇ ಗೇರ್ ಇಳಿಸಿ, ಕ್ಲಚ್ಚನ್ನು ನಿಧಾನವಾಗಿ ಬಿಡಿ. ಎರಡು ಗೇರ್ ಒಟ್ಟಿಗೆ ತುಳಿದು ಕ್ಲಚ್ ಫಟ್ಟೆಂದು ಬಿಟ್ಟರೆ ಒದ್ದೆ ರಸ್ತೆಯಲ್ಲಿ ಹಿಂಚಕ್ರ ಲಾಕ್ ಆಗಿ ಜಾರುತ್ತದೆ. ಮುಂಬ್ರೇಕು, ಹಿಂಬ್ರೇಕು ಎರಡನ್ನೂ ಬಳಸಿ. ಇಳಿಜಾರಿನಲ್ಲಿ ಭಾರವೆಲ್ಲ ಮುಂಚಕ್ರದ ಮೇಲಿರುವುದರಿಂದ ನಿಲ್ಲಿಸುವ ಶಕ್ತಿ ಮುಂಬ್ರೇಕಿನಲ್ಲೇ ಹೆಚ್ಚು. ಮುಂಬ್ರೇಕ್ ಹಿಡಿದರೆ ಮುಗ್ಗರಿಸುತ್ತೇವೆ ಎಂಬ ಭಯಕ್ಕೆ ಹಿಂಬ್ರೇಕನ್ನೇ ತುಳಿದುಕೊಂಡು ಇಳಿಯುವವರು ಬಹಳ. ಘಾಟಿಯ ಅರ್ಧಕ್ಕೆ ಅದು ಕಾದು ಸೋಲುತ್ತದೆ. ಮುಂಬ್ರೇಕನ್ನು ಬೈಕ್ ನೆಟ್ಟಗಿರುವಾಗ, ಬೆರಳುಗಳಿಂದ ಹಂತಹಂತವಾಗಿ ಹಿಂಡಿ.

ಗೇರಿಲ್ಲದ ಸ್ಕೂಟರ್ ಓಡಿಸುವವರು ಇಲ್ಲಿ ಸ್ವಲ್ಪ ನಿಧಾನಿಸಿ ಓದಿ. ನಿಮ್ಮ ಗಾಡಿಯಲ್ಲಿ ಎಂಜಿನ್ ಬ್ರೇಕಿಂಗ್ ಬಹಳ ಕಡಿಮೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ನಿಧಾನವಾದಾಗ ಒಳಗಿನ ಸೆಂಟ್ರಿಫ್ಯೂಗಲ್ ಕ್ಲಚ್, ಅಂದರೆ ಎಂಜಿನ್ ಸುತ್ತಿನ ರಭಸಕ್ಕೆ ತಾನೇ ಕಚ್ಚಿಕೊಳ್ಳುವ ಕ್ಲಚ್, ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಸ್ಕೂಟರ್ ನ್ಯೂಟ್ರಲ್‌ನಲ್ಲಿ ಉರುಳಿದ ಹಾಗೆಯೇ. ಗಾಡಿ ಹಗುರಾಗಿ ತೇಲಿದಂತೆ ಅನ್ನಿಸುವ ಆ ಗಳಿಗೆಯಲ್ಲಿ ಆಕ್ಸಿಲರೇಟರನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರೆ ಕ್ಲಚ್ ಮತ್ತೆ ಕಚ್ಚಿ ಎಂಜಿನ್ನಿನ ಎಳೆತ ಮರಳುತ್ತದೆ. ಎರಡೂ ಬ್ರೇಕ್ ಬಳಸಿ, ಇಬ್ಬರು ಕೂತಿದ್ದರೆ ಆಗಾಗ ನಿಂತು ತಣಿಸಿ.

ಆಟೋಮ್ಯಾಟಿಕ್ ಕಾರಿನವರು ಡಿ ಮೋಡಿನಲ್ಲೇ ಇಳಿಯಬೇಡಿ. ಎಲ್, ಎಸ್, 2 ಅಥವಾ ಮ್ಯಾನುಯಲ್ ಮೋಡ್ ಇದ್ದೇ ಇರುತ್ತದೆ, ಅದಕ್ಕೆ ಹಾಕಿ. ವಿದ್ಯುತ್ ಗಾಡಿಗಳಲ್ಲಿ ರೀಜೆನ್, ಅಂದರೆ ಮೋಟರೇ ಚಕ್ರ ಹಿಡಿದು ಬ್ಯಾಟರಿ ತುಂಬಿಸುವ ವ್ಯವಸ್ಥೆ, ಘಾಟಿಗೆ ವರದಾನ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಅದಕ್ಕೆ ಶಕ್ತಿ ತುಂಬಲು ಜಾಗವಿಲ್ಲ, ರೀಜೆನ್ ಹಿಡಿಯುವುದಿಲ್ಲ. ಚಿಕ್ಕಮಗಳೂರಿನಲ್ಲೋ ಮಡಿಕೇರಿಯಲ್ಲೋ ರಾತ್ರಿ ಚಾರ್ಜಿಗೆ ಹಾಕಿ ಬೆಳಿಗ್ಗೆ ಇಳಿಯುವವರು ಶೇಕಡಾ 80–85ಕ್ಕೆ ನಿಲ್ಲಿಸಿ.

ಎಂದಿಗೂ ಮಾಡಬಾರದ್ದು: ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ, ಅಥವಾ ಎಂಜಿನ್ ಆಫ್ ಮಾಡಿ ಇಳಿಯುವುದು. ಎಂಜಿನ್ ನಿಂತರೆ ಪೆಡಲಿನ ಒತ್ತಡ ಹೆಚ್ಚಿಸಿಕೊಡುವ ಕಾರಿನ ಬ್ರೇಕ್ ಬೂಸ್ಟರಿಗೆ ಶಕ್ತಿ ಇಲ್ಲ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ಕೀ ತೆಗೆದರೆ ಲಾಕ್ ಆಗುತ್ತದೆ.

6. ತಿರುವಿನೊಳಗೆ

ತಿರುವಿನಲ್ಲಿ ಟೈರಿಗೆ ಬೇಕಾದ ಹಿಡಿತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 30ರಲ್ಲಿ ಸಲೀಸಾಗಿ ಹೋಗುವ ತಿರುವಿಗೆ 60ರಲ್ಲಿ ಹೋದರೆ ಎರಡಲ್ಲ, ನಾಲ್ಕು ಪಟ್ಟು ಹಿಡಿತ ಬೇಕು. "ಸ್ವಲ್ಪ ಜಾಸ್ತಿ ವೇಗ ಇತ್ತು ಅಷ್ಟೇ" ಎನ್ನುವ ಮಾತು ಈ ಲೆಕ್ಕ ಗೊತ್ತಿಲ್ಲದೆ ಹೇಳುವುದು.

ಎಷ್ಟು ವೇಗದಲ್ಲಿ ಹೋಗಬೇಕು? ನಿಮಗೆ ಕಾಣುವ ರಸ್ತೆಯೊಳಗೆ ನಿಲ್ಲಿಸಲು ಆಗುವಷ್ಟು. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಕಂಡದ್ದನ್ನು ಅರಿತು ಬ್ರೇಕಿಗೆ ಕಾಲು ಹೋಗುವಷ್ಟರಲ್ಲೇ ಒಂದೂವರೆ ಸೆಕೆಂಡ್, 16–17 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೊಂದು 10 ಮೀಟರ್. ಒದ್ದೆಯಲ್ಲಿ, ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಎದುರಿನ ತಿರುವಿನಲ್ಲಿ ನಿಮಗೆ ಕಾಣುವುದು 20 ಮೀಟರ್ ರಸ್ತೆ ಮಾತ್ರವಾದರೆ 40 ಕೂಡ ಜಾಸ್ತಿಯೇ.

ಇದನ್ನು ಕಣ್ಣಿನಿಂದಲೇ ಅಳೆಯುವ ಒಂದು ವಿಧಾನವಿದೆ. ರಸ್ತೆಯ ಎಡ ಬಲ ಅಂಚುಗಳು ದೂರದಲ್ಲಿ ಕೂಡಿಕೊಂಡಂತೆ ಕಾಣುವ ಜಾಗವನ್ನು ಗಮನಿಸಿ. ನೀವು ಮುಂದೆ ಹೋದಂತೆ ಆ ಜಾಗವೂ ಮುಂದೆ ಓಡುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ಅದು ನಿಂತಲ್ಲೇ ನಿಂತು ನೀವು ಅದರ ಹತ್ತಿರ ಹೋಗುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ಕೂಡಲೇ ವೇಗ ಇಳಿಸಿ. ಹೊರಗಿನಿಂದ ಸಾಧಾರಣವಾಗಿ ಕಂಡು ಒಳಗೆ ಹೋದ ಮೇಲೆ ಬಿಗಿಯಾಗುವ ತಿರುವುಗಳು ನಮ್ಮ ಘಾಟಿಗಳಲ್ಲಿ ಬೇಕಾದಷ್ಟಿವೆ.

ಕಣ್ಣು ಹೋದ ಕಡೆಗೆ ಗಾಡಿ ಹೋಗುತ್ತದೆ. ತಡೆಗೋಡೆಯನ್ನೋ ಎದುರಿನ ಲಾರಿಯನ್ನೋ ದಿಟ್ಟಿಸಿದರೆ ಅಲ್ಲಿಗೇ ಹೋಗುತ್ತೀರಿ. ಹೇರ್‌ಪಿನ್‌ನಲ್ಲಿ ಕುತ್ತಿಗೆ ತಿರುಗಿಸಿ ತಿರುವಿನ ಆಚೆಯ ರಸ್ತೆಯನ್ನೇ ನೋಡಿ.

ಬೈಕಿನವರಿಗೆ ಎರಡು ವಿಷಯ. ಒಂದು, ಕೌಂಟರ್‌ಸ್ಟಿಯರಿಂಗ್: ನಡಿಗೆಗಿಂತ ಹೆಚ್ಚಿನ ವೇಗದಲ್ಲಿ ಎಡಕ್ಕೆ ತಿರುಗಬೇಕಾದರೆ ಎಡ ಹಿಡಿಕೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು, ಆಗ ಬೈಕ್ ಎಡಕ್ಕೆ ವಾಲುತ್ತದೆ. ಬಲಕ್ಕೆ ಬಲ ಹಿಡಿಕೆ. ನೀವು ಗೊತ್ತಿಲ್ಲದೆ ಮಾಡುತ್ತಿರುವುದು ಇದನ್ನೇ. ಗೊತ್ತಿದ್ದು ಮಾಡಿದರೆ, ತಿರುವು ಬಿಗಿಯಾದಾಗ ಕೈಗೆ ಏನು ಮಾಡಬೇಕೆಂದು ತಿಳಿದಿರುತ್ತದೆ. ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ಎರಡು, ಬಲ ತಿರುವಿನಲ್ಲಿ ಬೈಕ್ ವಾಲಿದಾಗ ಟೈರು ನಿಮ್ಮ ಬದಿಯಲ್ಲೇ ಇದ್ದರೂ ತಲೆ, ಭುಜ, ಹಿಡಿಕೆ ನಡುಗೆರೆಯ ಆಚೆ ಹೋಗಿರುತ್ತವೆ. ಎದುರಿನ ಬಸ್ಸಿನ ಕನ್ನಡಿ ತಾಗುವುದು ಹೀಗೆ. ಬಲ ತಿರುವಿನಲ್ಲಿ ನಡುಗೆರೆಯಿಂದ ಒಂದು ಮೀಟರಾದರೂ ಒಳಗೆ ಇರಿ.

ವೇಗ ಜಾಸ್ತಿಯಾಗಿಯೇ ತಿರುವಿಗೆ ಬಂದುಬಿಟ್ಟಿರಿ ಎನ್ನಿ. ವಾಲಿದ ಬೈಕಿನಲ್ಲಿ ಮುಂಬ್ರೇಕನ್ನು ಗಬಕ್ಕನೆ ಹಿಡಿಯಬೇಡಿ. ಆಚೆಯ ರಸ್ತೆ ನೋಡಿ, ಹಿಡಿಕೆ ಒತ್ತಿ ಇನ್ನಷ್ಟು ವಾಲಿಸಿ, ಹಿಂಬ್ರೇಕನ್ನು ಮೆಲ್ಲಗೆ ಮುಟ್ಟಿ. ಟೈರಿಗೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಹಿಡಿತವಿರುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಅದು. ನೆಟ್ಟಗಿರುವಾಗ ಜೀವ ಉಳಿಸುತ್ತದೆ, ಆದರೆ ವಾಲಿರುವಾಗ ಜಾರುವುದನ್ನು ಸಾಮಾನ್ಯ ಎಬಿಎಸ್ ತಡೆಯಲಾರದು. ಸಿಂಗಲ್ ಚಾನೆಲ್ ಆದರೆ ಮುಂಚಕ್ರಕ್ಕೆ ಮಾತ್ರ ಇರುತ್ತದೆ ಎಂಬುದೂ ನೆನಪಿರಲಿ.

ಕಾರಿನಲ್ಲಿ ಹಿಂದೆ ಕೂತವರಿಗೆ ವಾಂತಿ ಬರುತ್ತಿದ್ದರೆ ಹೆಚ್ಚಿನ ಸಲ ಅದಕ್ಕೆ ಕಾರಣ ಚಾಲಕನ ಕಾಲು. ತಿರುವಿಗೆ ಮೊದಲೇ ನಿಧಾನಿಸಿ, ಒಳಗೆ ಒಂದೇ ಹದದಲ್ಲಿ ಹೋದರೆ ಅರ್ಧ ತೊಂದರೆ ಹೋಗುತ್ತದೆ.

7. ಎದುರು ಬರುವವರು, ಹಿಂದೆ ಬರುವವರು

ಕಿರಿದಾದ ಏರುರಸ್ತೆಯಲ್ಲಿ ಹತ್ತುವ ವಾಹನಕ್ಕೆ ಮೊದಲ ಹಕ್ಕು. ಇಳಿಯುವವರು ಬದಿಗೆ ನಿಲ್ಲಿಸಿ ದಾರಿ ಬಿಡಬೇಕು. ಇದು ಸೌಜನ್ಯ ಮಾತ್ರವಲ್ಲ, ರಸ್ತೆ ನಿಯಮವೂ ಹೌದು. ಭಾರ ಹೊತ್ತ ಗಾಡಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ.

ಹೇರ್‌ಪಿನ್‌ನಲ್ಲಿ ಬಸ್ಸು ತಿರುಗುವುದನ್ನು ಒಮ್ಮೆ ನಿಂತು ನೋಡಿ. ಎಡಕ್ಕೆ ಹೊರಳಬೇಕಾದ ಬಸ್ಸು ಮೊದಲು ಬಲಕ್ಕೆ, ಎದುರಿನವರ ಬದಿಗೆ ಪೂರ್ತಿ ಹೋಗುತ್ತದೆ. ಮೂತಿ ತಡೆಗೋಡೆಯ ಹತ್ತಿರ ಬಂದ ಮೇಲೆ ಎಡಕ್ಕೆ ಕತ್ತರಿಸುತ್ತದೆ. ಆಗ ಹಿಂದಿನ ಚಕ್ರಗಳು ಮುಂದಿನ ಚಕ್ರ ಹೋದ ದಾರಿಯಲ್ಲಿ ಬರುವುದಿಲ್ಲ, ಒಳಅಂಚನ್ನು ಸವರಿಕೊಂಡು ಬರುತ್ತವೆ. ಬಸ್ಸು ಬಲಕ್ಕೆ ಹೋಯಿತು, ಎಡಗಡೆ ಜಾಗ ಸಿಕ್ಕಿತು ಎಂದು ಹಿಂದಿನಿಂದ ನುಗ್ಗಿದ ಬೈಕು ಸಿಕ್ಕಿಕೊಳ್ಳುವುದು ಆ ಹಿಂಚಕ್ರಕ್ಕೆ. ಚಾಲಕನಿಗೆ ಆ ಬೈಕು ಕನ್ನಡಿಯಲ್ಲೂ ಕಾಣುವುದಿಲ್ಲ. ಆದ್ದರಿಂದ ಬಸ್ಸು, ಲಾರಿ ತಿರುವಿನಲ್ಲಿದ್ದರೆ ನೀವು ತಿರುವಿಗೆ ಇಪ್ಪತ್ತು ಮೀಟರ್ ಮೊದಲೇ ನಿಲ್ಲಿ. ಅದು ಪೂರ್ತಿ ನೆಟ್ಟಗಾದ ಮೇಲೆ ಹೊರಡಿ.

ಕಾಣದ ತಿರುವಿಗೆ ಮೊದಲು ಒಂದು ಸಲ ಉದ್ದ ಹಾರ್ನ್, ಕಿವಿಗೊಟ್ಟು ಉತ್ತರ ಬಂತೇ ಎಂದು ಕೇಳಿ. ಕಾರಿನಲ್ಲಿ ಕಿಟಕಿ ಎರಡು ಬೆರಳಿನಷ್ಟು ಇಳಿದಿರಲಿ, ಹಾಡಿನ ಸದ್ದು ಕಡಿಮೆ ಇರಲಿ. ರಾತ್ರಿ ಹಾರ್ನಿಗಿಂತ ಡಿಪ್ಪರ್ ಒಳ್ಳೆಯದು, ಎದುರಿನ ಬೆಳಕು ಗುಡ್ಡದ ಮೈಮೇಲೆ ಮೊದಲೇ ಕಾಣುತ್ತದೆ.

ಓವರ್‌ಟೇಕ್ ಮಾಡುವುದಾದರೆ ನೇರ ರಸ್ತೆ ಕಾಣುವಾಗ ಮಾತ್ರ. ಮುಂದಿನ ಲಾರಿಯವರು ಬಲ ಇಂಡಿಕೇಟರ್ ಹಾಕಿದರೆ "ಬಾ" ಎಂದೂ ಇರಬಹುದು, "ನಾನು ತಿರುಗುತ್ತೇನೆ" ಎಂದೂ ಇರಬಹುದು. ಇಂಡಿಕೇಟರನ್ನು ನಂಬಿ ಕಾಣದ ರಸ್ತೆಗೆ ಇಳಿಯಬೇಡಿ. ನಿಮ್ಮ ಹಿಂದೆ ಅವಸರದವರು ಅಂಟಿಕೊಂಡರೆ ಸ್ಪರ್ಧೆಗೆ ಹೋಗದೆ, ಮುಂದಿನ ಅಗಲ ಜಾಗದಲ್ಲಿ ಎಡಕ್ಕೆ ಸರಿದು ಬಿಟ್ಟುಕೊಡಿ.

8. ಮಳೆ, ಮಂಜು, ಕಾಡುಪ್ರಾಣಿ

ರಸ್ತೆ ಅತಿ ಹೆಚ್ಚು ಜಾರುವುದು ಜುಲೈಯ ಧಾರಾಕಾರ ಮಳೆಯಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ಏಪ್ರಿಲ್, ಮೇಯ ಮೊದಲ ಮಳೆಯ ಮೊದಲ ಅರ್ಧ ಗಂಟೆ ಅದಕ್ಕಿಂತ ಕೆಟ್ಟದ್ದು. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು, ರಬ್ಬರ್ ಎಲ್ಲ ನೀರಿನೊಡನೆ ಕಲಸಿ ಲೋಳೆಯಾಗುತ್ತದೆ. ಆ ಹೊತ್ತಿಗೆ ಒಂದು ಚಹಾ ಕುಡಿದು ಹೊರಡಿ. ಮಳೆಗಾಲ ಬಲಿತ ಮೇಲೆ ರಸ್ತೆಯಂಚಿಗೆ ಪಾಚಿ ಕಟ್ಟುತ್ತದೆ, ಮರದ ನೆರಳಿನ ತಿರುವುಗಳಲ್ಲಿ ಹೆಚ್ಚು. ಬೈಕಿನವರು ಅಂಚು ಬಿಟ್ಟು ನಾಲ್ಕು ಚಕ್ರದ ಗಾಡಿಗಳ ಟೈರು ಓಡಾಡಿದ ಜಾಡಿನಲ್ಲಿ ಹೋಗಬೇಕು. ಬಿಳಿ ಬಣ್ಣದ ಗೆರೆ, ಬಿದ್ದ ಎಲೆ, ಮೇಲಿನಿಂದ ಹರಿದುಬಂದ ಕೆಮ್ಮಣ್ಣು, ಕಾಮನಬಿಲ್ಲಿನ ಬಣ್ಣ ಹೊಳೆಯುವ ಡೀಸೆಲ್ ಕಲೆ, ಇವುಗಳ ಮೇಲೆ ವಾಲಿಸುವುದೂ ಬೇಡ, ಬ್ರೇಕೂ ಬೇಡ. ನೆಟ್ಟಗೆ ದಾಟಿ.

ಮಂಜು ಕವಿದರೆ ಲೋ ಬೀಮ್ ಹಾಕಿ. ಹೈ ಬೀಮಿನ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬಿಳಿಗೋಡೆಯಾಗಿ ಮರಳುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ. ನಿಂತಿದ್ದೀರೋ ಓಡುತ್ತಿದ್ದೀರೋ ಹಿಂದಿನವರಿಗೆ ತಿಳಿಯುವುದಿಲ್ಲ, ತಿರುಗುವ ಸೂಚನೆಯೂ ಹೋಗುತ್ತದೆ. ಕಾರಿನ ಗಾಜಿನ ಒಳಗೆ ಮಂಜು ಕಟ್ಟಿದರೆ ಎಸಿ ಹಾಕಿ ಗಾಳಿಯನ್ನು ಗಾಜಿಗೆ ತಿರುಗಿಸಿ. ಏನೂ ಕಾಣದಿದ್ದರೆ ಮುಂದಿನ ಗಾಡಿಯ ಕೆಂಪು ದೀಪ ಹಿಡಿದು ಹೋಗಬೇಡಿ, ಅದು ಪ್ರಪಾತಕ್ಕೆ ಹೋದರೆ ನೀವೂ ಹೋಗುತ್ತೀರಿ. ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ ಕಾಯಿರಿ.

ಕಾಟಿ, ಕಡವೆ ಮುಸ್ಸಂಜೆ ಮತ್ತು ನಸುಕಿನಲ್ಲಿ ರಸ್ತೆಗೆ ಬರುತ್ತವೆ. ಒಂದು ದಾಟಿದರೆ ಹಿಂದೆ ಇನ್ನೊಂದು ಇರುತ್ತದೆ ಎಂದೇ ತಿಳಿಯಿರಿ. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಫೋಟೊ ಬೇಡ, ಅದು ಹೋಗುವವರೆಗೆ ಕಾಯಿರಿ. ಮಂಗಗಳಿಗೆ ತಿಂಡಿ ಎಸೆಯಬೇಡಿ. ತಿಂಡಿಯ ಆಸೆಗೆ ಅವು ತಿರುವಿನಲ್ಲೇ ಕೂರುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ, ಅವುಗಳನ್ನು ತಪ್ಪಿಸಲು ಹೋದ ಬೈಕಿನವರೂ ಬೀಳುತ್ತಾರೆ.

9. ನಿಲ್ಲಿಸುವಾಗ

ಜಲಪಾತ ಕಂಡಲ್ಲೆಲ್ಲ, ತಿರುವಿನಲ್ಲೇ ನಿಲ್ಲಿಸಿ ಸೆಲ್ಫಿ ತೆಗೆಯುವುದು ಚಾರ್ಮಾಡಿಯ ದೊಡ್ಡ ಪಿಡುಗು. ತಿರುವಿನಿಂದ ದೂರ, ಎರಡೂ ಕಡೆಯಿಂದ ಕಾಣುವ ಅಗಲ ಜಾಗದಲ್ಲಿ ನಿಲ್ಲಿಸಿ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೂ ನಿಲ್ಲಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದಾಗ ಸಿಕ್ಕಿಕೊಂಡವರಲ್ಲಿ ಚಹಾ ಅಂಗಡಿಯ ಕುಟುಂಬದವರೂ, ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರೂ ಇದ್ದರು. ರಸ್ತೆಗೆ ಸಣ್ಣ ಕಲ್ಲು ಉರುಳಿ ಬರುತ್ತಿದ್ದರೆ, ಗುಡ್ಡದ ನೀರು ಇದ್ದಕ್ಕಿದ್ದಂತೆ ಕೆಸರಾಗಿದ್ದರೆ, ಮರಗಳು ಓರೆಯಾಗಿದ್ದರೆ ಅಲ್ಲಿಂದ ಹೊರಟುಬಿಡಿ.

ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ರಿವರ್ಸ್ ಗೇರ್, ಏರಿಗೆ ಮುಖ ಮಾಡಿದರೆ ಒಂದನೇ ಗೇರ್, ಜೊತೆಗೆ ಹ್ಯಾಂಡ್‌ಬ್ರೇಕ್. ಗಾಡಿ ಜಾರಿದರೆ ಗುಡ್ಡದ ಕಡೆಗೆ ಹೋಗುವಂತೆ ಚಕ್ರ ತಿರುಗಿಸಿಡಿ. ಬೈಕನ್ನು ಗೇರಿನಲ್ಲೇ ಇಟ್ಟು, ಮೂತಿ ಏರಿನ ಕಡೆಗಿರುವಂತೆ ಸ್ಟ್ಯಾಂಡ್ ಹಾಕಿ.

10. ಬ್ರೇಕ್ ಸೋತರೆ, ಅಪಘಾತವಾದರೆ

ಸುಟ್ಟ ವಾಸನೆ ಬಂದ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಡಿಸ್ಕಿಗೆ ನೀರು ಹೊಯ್ಯಬೇಡಿ, ಕಾದ ಲೋಹ ಡೊಂಕಾಗುತ್ತದೆ. ಹೊಗೆ ಬರುತ್ತಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಓಡುತ್ತಿರುವಾಗಲೇ ಪೆಡಲ್ ನೆಲಕ್ಕೆ ಹೋದರೆ ಬೇಗಬೇಗನೆ ಪಂಪ್ ಮಾಡಿ, ಸ್ವಲ್ಪ ಒತ್ತಡ ಮರಳಬಹುದು. ಜೊತೆಜೊತೆಗೆ ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿಹಿಡಿದು ಹಂತಹಂತವಾಗಿ ಎಳೆಯಿರಿ, ಒಮ್ಮೆಗೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗುತ್ತದೆ. ಹಾರ್ನ್, ಲೈಟ್ ಹಾಕುತ್ತಲೇ ಇರಿ. ಯಾವುದೂ ಆಗದಿದ್ದರೆ 30–40ರ ವೇಗದಲ್ಲೇ ಗುಡ್ಡದ ಬದಿಯ ಚರಂಡಿಗೋ ಮಣ್ಣಿನ ದಿಬ್ಬಕ್ಕೋ ಗಾಡಿಯ ಪಕ್ಕ ಒರೆಸಿ ನಿಲ್ಲಿಸಿ. ಗಾಡಿ ಹಾಳಾಗುತ್ತದೆ, ಆಗಲಿ. ಮುಂದಿನ ತಿರುವಿನಲ್ಲಿ ಅದೇ ವೇಗ 80 ಆಗಿರುತ್ತದೆ.

ಬೇರೆಯವರ ಅಪಘಾತ ಕಂಡರೆ ಮೊದಲು ತಿರುವಿನ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ ಬರುವ ಗಾಡಿಗಳನ್ನು ತಡೆಯಿರಿ, ಎರಡನೇ ಅಪಘಾತ ಆಗುವುದು ಅಲ್ಲೇ. ಬಿದ್ದವರ ಹೆಲ್ಮೆಟ್ಟನ್ನು ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ತೆಗೆಯಬೇಡಿ. ಆಂಬುಲೆನ್ಸಿಗೆ 108, ಪೊಲೀಸರಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಗಾಯಾಳುಗಳಿಗೆ ನೆರವಾದವರನ್ನು ಕೇಸಿನಲ್ಲಿ ಸಿಕ್ಕಿಸಬಾರದೆಂದು 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲೇ ಇದೆ, ಹೆದರಬೇಡಿ. ನೆಟ್‌ವರ್ಕ್ ಇಲ್ಲದಿದ್ದರೆ ಹತ್ತುವ ಗಾಡಿಯವರ ಹತ್ತಿರ ಒಮ್ಮೆ, ಇಳಿಯುವ ಗಾಡಿಯವರ ಹತ್ತಿರ ಒಮ್ಮೆ ಸುದ್ದಿ ಕಳಿಸಿ. ಹೇಳುವಾಗ "ಜಲಪಾತದ ಹತ್ತಿರ" ಎನ್ನದೆ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೋ ತಿರುವಿನ ಫಲಕದ ಸಂಖ್ಯೆಯನ್ನೋ ಬರೆದುಕೊಡಿ. ಆಂಬುಲೆನ್ಸ್ ಚಾಲಕರು ನೇರ ಅಲ್ಲಿಗೇ ಬರುತ್ತಾರೆ.